ಒಕ್ಕದ ಟೀಮಿಗೆ ಬೇಡಿಕೊಂಡದ್ದು

ಹುದಿಕೇರಿ

ಪ್ರೀತಿಯ ಮೊಣ್ಣಪ್ಪ,

ನಿನ್ನಷ್ಟು ಜೋರಾಗಿ ಚೆಂಡು ಹೊಡೆಯುವವನು ನಮ್ಮ ಒಕ್ಕದಲ್ಲಿ, ಇಡೀ ಮನೆತನದಲ್ಲೇ ಹುಟ್ಟಿಲ್ಲ, ನಿಜ. ಆದರೆ ನೋವಿನ ಸೂಜಿ ಚುಚ್ಚಿಸಿಕೊಂಡು ಲೀಗ್ ಆಡಿ ಆಡಿ ನಿನ್ನ ಬೆನ್ನುಮೂಳೆ ಸವೆದಿದೆ. ಇನ್ನೊಂದು ಪಂದ್ಯ ಆಡಿದರೆ ಕಾಲಿನ ಸ್ವಾಧೀನವೇ ತಪ್ಪುತ್ತದೆ ಎಂದು ಡಾಕ್ಟರು ನನ್ನೆದುರೇ ಹೇಳಿದರಲ್ಲ. ಅದಕ್ಕೇ ಒಕ್ಕ ಒಕ್ಕಗಳು ಸೆಣಸುವ ಹಾಕಿ ಹಬ್ಬದ ನಮ್ಮ ಟೀಮಿನಿಂದ ನಿನ್ನ ಹೆಸರು ತೆಗೆಸಿದೆ. ಸಿಟ್ಟಾಗಬೇಡ.

"ಫೈನಲ್ ಬಂದ್ರೆ ಮೊಣ್ಣಣ್ಣನ್ನ ಹೊತ್ಕೊಂಡಾದ್ರೂ ತರ್ತೇವೆ, ದೊಡ್ಡಪ್ಪ" ಅನ್ನುತ್ತಾರೆ ಹುಡುಗರು. ಜೀಪು ಬಾಗಿಲಿಗೆ ಬಂದರೆ ನೀನೂ ಹತ್ತಿಬಿಡುತ್ತೀಯ. ಸ್ಟಿಕ್ಕನ್ನು ನಿನ್ನ ಹೆಂಡತಿ ತಂಗಮ್ಮನ ಕೈಲಿ ಇಲ್ಲಿಗೆ ಕಳಿಸು. ಅವಳ ಮಾತನ್ನೂ ಸ್ವಲ್ಪ ಕೇಳು.

ನಿನ್ನೆ ಒಕ್ಕದ ಮೂಲಮನೆ ಐನ್‌ಮನೆಯಲ್ಲಿ, ತೀರಿಹೋದ ಹಿರಿಯರ ದೀಪದ ಮುಂದೆ ಟೀಮಿಗಾಗಿ ಬೇಡಿಕೊಳ್ಳಲು ನನ್ನನ್ನೇ ನಿಲ್ಲಿಸಿದರು. ಎಲ್ಲರೂ ಕೈಮುಗಿದಿದ್ದರು. ಮೊದಲ ಪಂದ್ಯದಲ್ಲೇ ನಮ್ಮನ್ನು ಸೋಲಿಸಿಬಿಡಿ ಎಂದು ಮನಸ್ಸಿನಲ್ಲೇ ಕೇಳಿಕೊಂಡೆ.

ನಿನ್ನ ದೊಡ್ಡಪ್ಪ,
ಅಪ್ಪಯ್ಯ