ಹೊನ್ನವ್ವನ ಗ್ಲಾಸಿನ ಮೊಳೆ

ರಾಣೆಬೆನ್ನೂರು
೧೯ ನವೆಂಬರ್ ೧೯೮೯

ಚಿರಂಜೀವಿ ಹಾಲೇಶನಿಗೆ ಅಪ್ಪನ ಆಶೀರ್ವಾದಗಳು.

ಜೋಧಪುರದಲ್ಲಿ ಚಳಿ ಶುರುವಾಗಿರಬೇಕು. ಎದೆಯಲ್ಲಿ ಕಫ ಕಟ್ಟುವ ನಿನ್ನ ಹಳೆಯ ತ್ರಾಸು ಹೇಗಿದೆ? ಉಣ್ಣೆಯ ಬನಿಯನ್ನನ್ನು ಟ್ರಂಕಿನಲ್ಲಿ ಜೋಪಾನ ಮಾಡಬೇಡ, ಹಾಕಿಕೋ. ನಿನ್ನ ಅವ್ವನಿಗೆ ಜ್ವರ ಬಿಟ್ಟಿದೆ, ಊಟ ಸೇರುತ್ತಿಲ್ಲ.

ನಿನ್ನ ತಂಗಿ ಹೊನ್ನವ್ವ ತೀರಿಕೊಂಡ ತಂತಿ ತಲುಪಿತೆಂದು ನಿನ್ನ ಕಾಗದ ಬಂತು. ಪಲ್ಟನ್ನಿನಲ್ಲಿ ರಜೆ ಸಿಗದ್ದಕ್ಕೆ ನಿನ್ನ ಮೇಲೆ ಬೇಸರವಿಲ್ಲ. ತಂತಿಯಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ಗುತ್ತಲದ ಅವಳ ಗಂಡನ ಮನೆಯವರು ವಾಂತಿಭೇದಿ ಎಂದರು. ಹೆತ್ತು ತಿಂಗಳಾಗಿರಲಿಲ್ಲ, ಎರಡನೆಯದೂ ಹೆಣ್ಣೆಂದು ಎಲ್ಲರೂ ಮುಖ ಗಂಟಿಕ್ಕಿಕೊಂಡಿದ್ದರು. ಮಣ್ಣು ಮಾಡಿ ಬಂದು ಅವಳ ಕೋಣೆಯಲ್ಲಿ ಕೂತಾಗ ಮಂಚದ ಕೆಳಗೆ ಬಾಣಂತಿ ಕಷಾಯದ ಗಾಜಿನ ಗ್ಲಾಸು ಕಂಡಿತು. ಉಳಿದಿದ್ದ ಕಷಾಯದಲ್ಲಿ ಒಂದು ಮೊಳೆ. ದೃಷ್ಟಿ ತಾಗದಿರಲೆಂದು ಬಾಣಂತಿಯ ಹತ್ತಿರ ಕಬ್ಬಿಣ ಇಡುತ್ತಾರೆ, ಇಟ್ಟದ್ದನ್ನು ಬೇರೆಯವರು ಮುಟ್ಟುವುದಿಲ್ಲ. ಹಾಗಾಗಿ ಆ ಗ್ಲಾಸನ್ನು ಯಾರೂ ತೊಳೆದಿರಲಿಲ್ಲ. ಮೊಳೆ ತೆಗೆದೆ, ಮುಳುಗಿದ್ದ ಭಾಗ ಕೆಂಪಾಗಿತ್ತು. ತುಕ್ಕಲ್ಲ, ಹಾಲೇಶ. ಧೋತರದ ಚುಂಗಿನಿಂದ ಉಜ್ಜಿದರೆ ತಾಮ್ರ ಹೊಳೆಯಿತು. ಕಷಾಯವನ್ನು ಬಾಟಲಿಗೆ ಬಗ್ಗಿಸಿಕೊಂಡು, ಗ್ಲಾಸನ್ನೂ ಮೊಳೆಯನ್ನೂ ಚೀಲದಲ್ಲಿಟ್ಟುಕೊಂಡು ತಂದೆ.

ಪ್ರತಿ ವರ್ಷ ಹತ್ತನೆಯ ತರಗತಿಗೆ ನಾನೇ ಮಾಡಿ ತೋರಿಸುವ ಪ್ರಯೋಗವದು. ಮೈಲುತುತ್ತವೆಂಬ ತಾಮ್ರದ ನೀಲಿ ವಿಷವನ್ನು ಕರಗಿಸಿದ ನೀರಿಗೆ ಮೊಳೆ ಬಿಟ್ಟರೆ, ಹೆಚ್ಚು ಚುರುಕಾದ ಕಬ್ಬಿಣ ಕರಗಿ ನೀರಿಗಿಳಿಯುತ್ತದೆ; ನೀರಿನಲ್ಲಿದ್ದ ತಾಮ್ರ ಜಾಗ ಬಿಟ್ಟು ಮೊಳೆಗೆ ಬಂದು ಅಂಟುತ್ತದೆ. ಹೊನ್ನವ್ವನೂ ಆ ಬೆಂಚಿನಲ್ಲಿ ಕೂತಿದ್ದವಳು. ‘ತಾಮ್ರ ಬಡಪಾಯಿ ಐತ್ರಿ ಸರ್, ಕಬ್ಬಿಣ ಬಂದಕೂಡ್ಲೆ ಜಾಗಾ ಬಿಡತೈತಿ’ ಎಂದು ಕ್ಲಾಸನ್ನೆಲ್ಲ ನಗಿಸಿದ್ದಳು. ಅವಳ ಮಾವನ ಎಲೆಬಳ್ಳಿ ತೋಟಕ್ಕೆ ಹೊಡೆಯುವ ಮೈಲುತುತ್ತದ ಚೀಲ ಪಡಸಾಲೆಯಲ್ಲೇ ಇತ್ತು. ಕಷಾಯದ ಕಪ್ಪು ಬಣ್ಣದಲ್ಲಿ ಅದರ ನೀಲಿ ಯಾರಿಗೆ ಕಾಣಬೇಕು? ಬೆರೆಸಿದ ಕೈ ಯಾರದೆಂದು ಮಾತ್ರ ನನಗೆ ಗೊತ್ತಿಲ್ಲ.

ನಿನ್ನ ಅವ್ವ ಕಾಲು ಹಿಡಿದು ಅಳುತ್ತಾಳೆ: ‘ಹೋದಾಕಿ ಹೋದ್ಲು. ಬಾಯಿ ಮುಚ್ಚಿಕೊಂಡಿದ್ರ ಕೂಸುಗೋಳನ್ನ ಕೊಡ್ತೀವಿ ಅಂತ ಬೀಗರು ಅಂದಾರ. ಸುಮ್ಮನಿರ್ರಿ.’ ಪೊಲೀಸರ ಹತ್ತಿರ ಹೋದರೆ ಆ ಎರಡು ಮಕ್ಕಳೂ ಅದೇ ಮನೆಯಲ್ಲಿ ಉಳಿಯುತ್ತವೆ. ಮೊಳೆ ಯಾರೋ ದೃಷ್ಟಿಗೆಂದು ಇಟ್ಟದ್ದು, ನನ್ನ ಕಣ್ಣಿಗೆ ಬಿದ್ದದ್ದು ಆಕಸ್ಮಿಕ ಎಂದುಕೊಂಡು ಸುಮ್ಮನಿರಲು ಒಪ್ಪಿದ್ದೇನೆ. ನನ್ನ ಮೇಲೆ ನನಗೇ ಹೇಸಿಗೆ ಬಂದಿದೆ. ಮೈ ಕಡೆ ನೋಡಿಕೋ.

ನಿನ್ನ ತಂದೆ,
ಪರಮೇಶಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ, ಮೊಳೆ ಇಟ್ಟವಳು ನೀನೇ ಏನು ಎಂದು ನಿನ್ನ ಅವ್ವನನ್ನು ಕೇಳಿದೆ. ‘ನಾ ಕುಡಗೋಲ ಕೊಟ್ಟಿದ್ದೆ, ಅದು ದಿಂಬಿನ ಬುಡಕ ಇತ್ತು. ಮೊಳಿ ಗ್ವಾಡ್ಯಾಗಿಂದು. ಕ್ಯಾಲೆಂಡರ್ ನೆಲಕ್ಕ ಬಿದ್ದಿತ್ತಲ್ಲ, ನೋಡಲಿಲ್ಲೇನ್ರಿ?’ ಎಂದಳು. ಹಾಲೇಶ, ಗೋಡೆಯ ಆ ಮೊಳೆಯನ್ನು ಕಿತ್ತು ಗ್ಲಾಸಿಗೆ ಹಾಕಿದವಳು ಹೊನ್ನವ್ವನೇ. ಅರ್ಧ ಕುಡಿದ ಮೇಲೆ ಅನುಮಾನ ಬಂದಿದೆ. ಬಾಣಂತಿಯ ಕಬ್ಬಿಣವನ್ನು ಆ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ, ಅಪ್ಪ ಬಂದೇ ಬರುತ್ತಾನೆ, ನೋಡಿದರೆ ಅವನಿಗೆ ತಿಳಿಯುತ್ತದೆ ಎಂದು ನಂಬಿ ಇಟ್ಟಿದ್ದಾಳೆ. ನಾನಿನ್ನು ಸುಮ್ಮನಿರಲಾರೆ. ಎಲ್ಲವನ್ನೂ ತೆಗೆದುಕೊಂಡು ಮೊದಲ ಬಸ್ಸಿಗೆ ಠಾಣೆಗೆ ಹೊರಟಿದ್ದೇನೆ. ಮಕ್ಕಳನ್ನು ಆ ಮನೆಯಿಂದ ಬಿಡಿಸಿ ತರಲು ನೀನು ಬೇಕು. ರಜೆ ಕೊಡದಿದ್ದರೂ ಬಾ.