ಶನಿವಾರ ಅಪ್ಪನ ಕೈಗೆ ಕಟ್ಟಿದ ವಾಚು

ಬೈರಕೂರು
೨೩-೧೧-೨೦೨೫, ಭಾನುವಾರ

ನನ್ನ ಮುದ್ದು ಅನಿತಾ, ನಿನಗೂ ನಿನ್ನ ಹೊಟ್ಟೆಯಲ್ಲಿರೋ ಪುಟ್ಟ ಜೀವಕ್ಕೂ ಅಮ್ಮನ ಆಶೀರ್ವಾದ.

ಫೋನ್ ಇರುವಾಗ ಇದೇನು ಕಾಗದ ಅಂತೀಯ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಬೈಯೋಕೆ ಶುರು ಮಾಡ್ತೀಯ. ಕಾಗದವಾದರೆ ಪೂರ್ತಿ ಓದಿ ಆಮೇಲೆ ಬೈಬೇಕಾಗುತ್ತೆ. ಅದಕ್ಕೇ ಮಾಲೂರಿಗೆ ಬರೋ ನಿಮ್ಮಪ್ಪನ ಕೈಲಿ ರಾಗಿ ಹಿಟ್ಟಿನ ಜೊತೆ ಕೊಟ್ಟು ಕಳಿಸ್ತಿದ್ದೀನಿ.

ದೀಪಾವಳಿಯಲ್ಲಿ ನನ್ನ ಕೈಗೆ ವಾಚು ಕಟ್ಟಿ ಏನಂದೆ? ಬಿಪಿ ಇಟ್ಕೊಂಡು ಉಪವಾಸ ಮಾಡಿದರೆ ಬಾಣಂತನಕ್ಕೆ ಬರೋದೇ ಇಲ್ಲ, ನಿನ್ನ ಎದೆಬಡಿತ ನನ್ನ ಫೋನಿನಲ್ಲೇ ಕಾಣುತ್ತೆ ಅಂದೆ. ನಾನೋ ಅಷ್ಟರಲ್ಲಿ ನಿನ್ನ ಹೆರಿಗೆ ಸುಸೂತ್ರವಾಗಲಿ ಅಂತ ವೆಂಕಟರಮಣನಿಗೆ ಐದು ಶನಿವಾರ ಹರಕೆ ಹೊತ್ತಾಗಿತ್ತು. ಶನಿವಾರ ಬಂದರೆ ವಾಚು ಬಿಚ್ಚಿ ನಿಮ್ಮಪ್ಪನ ಕೈಗೆ ಕಟ್ಟಿಬಿಡ್ತಿದ್ದೆ. ಎಪ್ಪತ್ತೆರಡು ಇದೆ, ಬಂಗಾರದಂಥಾ ಅಮ್ಮ ಅಂತ ಹೊಗಳಿದೆಯಲ್ಲ, ಅದು ನಿಮ್ಮಪ್ಪ ಜಗಲಿ ಮೇಲೆ ಗೊರಕೆ ಹೊಡೀತಿದ್ದ ಹೊತ್ತು.

ಮೂರನೇ ಶನಿವಾರ ಸಿಕ್ಕಿಬಿದ್ದೆ. ನೀರೂ ಮುಟ್ಟದ ಉಪವಾಸ. ಮಾತ್ರೆ ತಪ್ಪಿಸಬಾರದು ಅಂತ ನೀನೇ ಹೇಳಿದ್ದೆಯಲ್ಲ, ವ್ರತ ಕೆಡದ ಹಾಗೆ ಒಂದು ಉದ್ಧರಣೆ ತೀರ್ಥದಲ್ಲಿ ಅದನ್ನು ನುಂಗಿದೆ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ. ಸಂಜೆ ಹಾಲು ಕರೆದು ಮೇಲೆದ್ದರೆ ಕಣ್ಣು ಕತ್ತಲೆ, ಎದೆ ಡವಡವ. ಪಕ್ಕದ ಮನೆ ಮುನಿಯಲ್ಲಮ್ಮ ಹಿಡ್ಕೊಂಡಳು. ಮೊದಲು ಹಾಲಿನ ಕ್ಯಾನು ಹಿಡಿದು ಆಮೇಲೆ ನನ್ನ ಹಿಡಿದಳು ಅನ್ನೋದು ಬೇರೆ ಮಾತು.

ಮುಳಬಾಗಿಲಿನ ಡಾಕ್ಟರಮ್ಮ ಮಲಗಿಸಿ ನಾಡಿ ನೋಡಿದರೆ ಎಂಬತ್ತೆಂಟು, ನಿಲ್ಲಿಸಿದರೆ ನೂರ ಇಪ್ಪತ್ತಾರು. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡೂ ಇಳಿದಿದ್ದವು. ನನ್ನ ಮಾತ್ರೆ ಮೈಯಲ್ಲಿರೋ ನೀರು, ಉಪ್ಪನ್ನ ಮೂತ್ರದಲ್ಲಿ ಹೊರಗೆ ಹಾಕೋ ಜಾತಿಯದಂತೆ. ಒಳಗೆ ಹನಿ ನೀರೂ ಹಾಕದೆ ಅದನ್ನ ನುಂಗಿದರೆ, ಇರೋ ಅಷ್ಟರಲ್ಲೇ ನಿಭಾಯಿಸೋಕೆ ಎದೆ ಓಡದೆ ಏನು ಮಾಡುತ್ತೆ ಅಂದರು. ಡ್ರಿಪ್ ಹಾಕಿ, ಮಾತ್ರೆ ಬದಲಿಸಿ, ಇನ್ನು ಉಪವಾಸದ ಹೆಸರೆತ್ತಬೇಡಿ ಅಂತ ಗದರಿದರು. ನಾನು ಅಲ್ಲೇ ಅತ್ತೆ. ಹರಕೆ ಅರ್ಧಕ್ಕೆ ನಿಂತರೆ ನಿನಗೇನಾದರೂ ಆದೀತು ಅಂತ ಭಯ.

ಆಗ ನಿಮ್ಮಪ್ಪ, ಉಳಿದ ಎರಡು ಶನಿವಾರ ನಂದು ಅಂದರು. ಡಾಕ್ಟರಮ್ಮನನ್ನೇ ಕೇಳಿ, ನೀರು, ಮಜ್ಜಿಗೆ ಕುಡೀತಾ ಮಾಡಿದರು. ಮುದ್ದೆ ಇಲ್ಲದೆ ಒಂದು ಹೊತ್ತೂ ಇರದ ಮನುಷ್ಯ. ನಾನು ಮುದ್ದೆ ತಿರುವೋಕೆ ನಿಂತರೆ ಒಲೆ ಹತ್ತಿರ ಬಂದು ಕೂತು, ವಾಚು ತೋರಿಸಿ, ನೋಡೇ ತೊಂಬತ್ತಾಯಿತು ಅನ್ನೋರು. ಅವರ ಮುಂದೆ ಉಣ್ಣುತ್ತಾ ನಾನು ನಕ್ಕಿದ್ದೂ ನಕ್ಕಿದ್ದೇ. ನಿನ್ನೆಗೆ ಐದೂ ಮುಗೀತು ಕಣೇ. ನನಗೀಗ ತಲೆ ಸುತ್ತೋದಿಲ್ಲ, ರಕ್ತದ ರಿಪೋರ್ಟೂ ಸರಿಯಾಗಿದೆ. ಇದರ ಜೊತೆಗೇ ಇಟ್ಟಿದ್ದೀನಿ, ನೋಡು.

ಬರೋ ಭಾನುವಾರ ಬರ್ತೀನಿ ಅಂತ ನಿನ್ನೆ ಫೋನಿನಲ್ಲಿ ಅಂದೆಯಲ್ಲ, ನನ್ನ ಸುಳ್ಳು ನಂಬಿ ಬರೋದು ಬೇಡ ಅಂತ ಎಲ್ಲಾ ಬರೆದೆ. ಬೈಯೋದಿದ್ದರೆ ಇಲ್ಲಿಗೇ ಬಂದು ಬೈಯಿ. ಬಾಣಂತಿ ಕೋಣೆಗೆ ಸುಣ್ಣ ಬಳಿದಾಗಿದೆ.

ನಿನ್ನ ಕಳ್ಳಿ ಅಮ್ಮ,
ಶ್ಯಾಮಲಮ್ಮ

ತಾ.ಕ.: ನಿನ್ನೆ ಸಂಜೆ ಏಳಕ್ಕೆ ನಿನ್ನ ಫೋನಿನಲ್ಲಿ ನೂರ ಹದಿನೆಂಟು ಕಂಡಿದ್ದರೆ ಗಾಬರಿಯಾಗಬೇಡ. ಅದು ನಿಮ್ಮಪ್ಪಂದಲ್ಲ, ನಂದೇ. ನೀನು ಬರ್ತೀನಿ ಅಂದ ತಕ್ಷಣ ಅವರ ಕೈಯಿಂದ ವಾಚು ಕಿತ್ತು ಕಟ್ಕೊಂಡು ನೋಡಿದೆ. ಬರೋದಿಲ್ಲ ಅಂದರೆ ಎಷ್ಟಾಗುತ್ತೋ, ಅದನ್ನ ನೋಡೋದು ಬೇಡ.