ಸವಾರನ ತೂಕ

ಮಂಗಳವಾರ, ಮಧ್ಯಾಹ್ನ
ಊಟದ ಮೇಜಿನಲ್ಲಿ ನನಗೆಂದು ಉಳಿದಿರುವ ಒಂದು ಮೂಲೆಯಿಂದ

ನನ್ನ ಗುಂಜಿಗೆ,

ಅಮ್ಮನಿಂದ ಕೆನ್ನೆಗೊಂದು ಮುತ್ತು, ತಲೆಗೊಂದು ಮೊಟಕು. ಮೊಟಕು ಯಾಕೆಂದರೆ, ಅಪ್ಪನ ಸೈಕಲ್ಲಿಗೆ ಬಿಡಿಭಾಗ ಬೇಕೆಂದು ನಾನು ಬರೆದದ್ದಕ್ಕೆ ನೀನು ಕಳಿಸಿದ ಅರ್ಧ ಹಾಳೆಗೆ. ಅರ್ಧ ಹಾಳೆಯಲ್ಲಿ ಎರಡು ಪ್ರಶ್ನೆ, ಕೆಳಗೆ ನಿನ್ನ ಸೈಕಲ್ ವರ್ಕ್‌ಶಾಪಿನ ಮೊಹರು. ‘ಹೇಗಿದ್ದೀರಿ’ ಎಂಬ ಒಂದು ಮಾತಿಗೆ ಅದರಲ್ಲಿ ಜಾಗವಿರಲಿಲ್ಲವೇನೋ. ಇರಲಿ, ಬೈಯಲು ಕೂತಿಲ್ಲ. ನಿಮ್ಮಪ್ಪನಿಗೆ ಅದನ್ನು ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದರು, ಓದಿದೆ. ಆಮೇಲೆ ಹಾಳೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, “ಮೊಹರು ಸೊಟ್ಟ ಬಿದ್ದಿದೆ” ಎಂದರು. ಅಷ್ಟೇ ಆಡಿದ್ದು. ಹಾಳೆಯನ್ನು ಮಾತ್ರ ನನಗೆ ವಾಪಸು ಕೊಡಲಿಲ್ಲ.

ಫೋನ್ ಮಾಡಬಾರದೇ ಎಂದು ನೀನು ಕೇಳಬಹುದು. ಮಾಡಿದರೆ ನೀನು ಕೈಯಲ್ಲಿ ಗ್ರೀಸ್ ಇದೆ, ಆಮೇಲೆ ಮಾತಾಡುತ್ತೇನೆ ಎನ್ನುತ್ತೀಯ. ಆ ‘ಆಮೇಲೆ’ ಇನ್ನೂ ಬಂದಿಲ್ಲ. ಮತ್ತೆ ಈ ಮನೆಯಲ್ಲಿ ಗೋಡೆಗೂ ಕಿವಿಯಿದೆ, ಆ ಕಿವಿ ನಿಮ್ಮಪ್ಪನದು. ಅದಕ್ಕೇ ಪತ್ರ. ಇದಕ್ಕೂ ಒಂದು ಕರಾರು ಹಾಕಿದ್ದಾರೆ: “ಸೈಕಲ್ ವಿಷಯ ಮಾತ್ರ ಬರಿ. ನನ್ನ ವಿಷಯ ಒಂದಕ್ಷರ ಬರೆಯೋ ಹಾಗಿಲ್ಲ. ಮಾತು ಕೊಡು.” ಕೊಟ್ಟಿದ್ದೇನೆ. ಆದ್ದರಿಂದ ಸೈಕಲ್ಲಿನ ವಿಷಯವನ್ನಷ್ಟೇ ಬರೆಯುತ್ತೇನೆ, ನೀನೂ ಅಷ್ಟನ್ನೇ ಓದಿಕೋ.

ಮೊದಲು ಫ್ರೇಮಿನ ಕಥೆ. ಗುಡ್ಡ ಹತ್ತುವ ಸೈಕಲ್ಲನ್ನು ತಾನೇ ಜೋಡಿಸುತ್ತೇನೆ, ಅದಕ್ಕೆ ಮೋಟರು ಕೂರಿಸುತ್ತೇನೆ ಎಂದು ಇವರು ಹೊರಟಾಗ, ನಾಲ್ಕು ದಿನದ ಹುಚ್ಚು, ಇಳಿಯುತ್ತದೆ ಅಂದುಕೊಂಡೆ. ಇಳಿಯಲಿಲ್ಲ. ಊರಿನ ಸೈಕಲ್ ಅಂಗಡಿಗಳನ್ನೆಲ್ಲ ಸುತ್ತಿದರು. ಯಾವ ಫ್ರೇಮು, ಯಾವ ಮೋಟರು ಎಂದು ಕಂಡವರನ್ನೆಲ್ಲ ಕೇಳಿದರು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಮಗಳೇ ಈ ಕೆಲಸದಲ್ಲಿ ಪಳಗಿದವಳು ಎಂದು ನಾನು ಬಾಯಿ ಬಿಟ್ಟರೆ, ಕಿವಿ ಕೇಳಿಸದವರ ಹಾಗೆ ಎದ್ದು ಹೋಗುತ್ತಿದ್ದರು.

ಅಲ್ಯೂಮಿನಿಯಂ ಫ್ರೇಮೇ ಆಗಬೇಕು ಎಂದಿದ್ದರು ಮೊದಲು. ಲೋಹ ನಂಬಿಗಸ್ತ, ಪೆಟ್ಟು ಬಿದ್ದರೆ ತಗ್ಗಿ ತೋರಿಸುತ್ತದೆ, ಕಾರ್ಬನ್ ಹಾಗಲ್ಲ, ಒಳಗೇ ಬಿರುಕಿಟ್ಟುಕೊಂಡು ಮೇಲೆ ಹೊಳೆಯುತ್ತಿರುತ್ತದೆ ಎಂಬುದು ಅವರ ವಾದ. ನಾನು ಜೊತೆಗೇ ಇದ್ದೆ. ಅಂಗಡಿಯಲ್ಲಿ ಫ್ರೇಮನ್ನು ಒಂದು ಸಲ ಎತ್ತಿದರು, ಮೆಲ್ಲಗೆ ಕೆಳಗಿಟ್ಟರು, ಗೋಡೆಗೆ ಕೈಯೂರಿ ನಿಂತರು. ಇಪ್ಪತ್ತು ಕಿಲೋದ ಪರೀಕ್ಷೆಯ ತೂಕಗಳನ್ನು ಎರಡು ಕೈಯಲ್ಲಿ ಹಿಡಿದು ಮಹಡಿ ಹತ್ತುತ್ತಿದ್ದ ತೂಕ ಅಳತೆ ಇಲಾಖೆಯ ಇನ್‌ಸ್ಪೆಕ್ಟರು ಇವರೇ ಎಂದು ಅಂಗಡಿಯವನಿಗೆ ಏನು ಗೊತ್ತು? “ಕಾರ್ಬನ್ ತೋರಿಸಿ” ಎಂದರು. ಯಾಕೆ ಸಾರ್ ಮನಸ್ಸು ಬದಲಾಯಿಸಿದಿರಿ ಎಂದು ಅವನು ಕೇಳಿದ್ದಕ್ಕೆ, “ಹಗುರ ಇರುತ್ತಲ್ಲ” ಎಂದರು. ನಾನು ಹೊರಗೆ ಹೋಗಿ ನಿಂತುಕೊಂಡೆ.

ಹೊಸದು ದುಬಾರಿ ಎಂದು ಮೊದಲು ಒಬ್ಬ ಫೋಟೋಗ್ರಾಫರನ ಹಳೆಯ ಕಾರ್ಬನ್ ಫ್ರೇಮು ನೋಡಲು ಹೋದೆವು. ಪಾಪ, ಬಿದ್ದು ಭುಜ ಮುರಿದುಕೊಂಡು ಕೈಗೆ ಜೋಳಿಗೆ ಕಟ್ಟಿಕೊಂಡಿದ್ದ. ಫ್ರೇಮಿಗೆ ಮಾತ್ರ ಏನೂ ಆಗಿಲ್ಲ, ಒಂದು ಗೀರೂ ಇಲ್ಲ ಎಂದು ಆಣೆ ಮಾಡಿದ. ನಿಮ್ಮಪ್ಪ ಜೇಬಿನಿಂದ ನಾಣ್ಯ ತೆಗೆದು, ಕಿವಿಯನ್ನು ಫ್ರೇಮಿಗೆ ಆನಿಸಿ, ಬೆರಳಷ್ಟು ಬೆರಳಷ್ಟು ಜಾಗ ಬಿಟ್ಟು ತಟ್ಟುತ್ತ ಹೋದರು. ಟಣ್ ಟಣ್ ಎಂದು ಬರುತ್ತಿದ್ದ ಸದ್ದು ಪೆಡಲಿನ ಹತ್ತಿರ ಬಂದಾಗ ಡಬ್ ಎಂದಿತು. “ಇಲ್ಲಿ ಸದ್ದು ಸತ್ತಿದೆ” ಎಂದರು. ಇಬ್ಬರ ಮುಖವೂ ಸಪ್ಪಗಾಯಿತು. ವಾಪಸು ಬರುವಾಗ ನನಗೆ ಎಲ್ಲಿತ್ತೋ ಸಿಟ್ಟು, ಒಳಗೆ ಬಿರುಕು ಮುಚ್ಚಿಟ್ಟುಕೊಂಡು ಮೇಲೆ ಮಿರಿಮಿರಿ ಮಿಂಚುವ ಒಂದರ ಜೊತೆ ಆಗಲೇ ಸಂಸಾರ ಮಾಡುತ್ತಿದ್ದೇನೆ, ಮನೆಗೆ ಇನ್ನೊಂದು ಬೇಡ ಎಂದುಬಿಟ್ಟೆ. ನಕ್ಕರು. ಬಹಳ ದಿನದ ಮೇಲೆ ನಕ್ಕಿದ್ದು.

ಕೊನೆಗೆ ಹೊಸದನ್ನೇ ತರಿಸಿದರು. ಅದು ಬಂದ ದಿನ ನಾವು ಮನೆಯಲ್ಲಿರಲಿಲ್ಲ, ಪಕ್ಕದ ಮನೆಯವರು ಇಳಿಸಿಕೊಂಡರು. ನಾವು ಎಲ್ಲಿದ್ದೆವು, ಅಲ್ಲಿ ಮೂರು ದಿನ ಏಕೆ ಇದ್ದೆವು ಎಂಬುದು ಸೈಕಲ್ಲಿನ ವಿಷಯವಲ್ಲ, ಬಿಡು. ಕಪ್ಪು ಫ್ರೇಮು, ಮೇಲೆ ಹೆಸರಿಲ್ಲ, ಬಣ್ಣವಿಲ್ಲ. ನಾನೇ ಎರಡು ಬೆರಳಲ್ಲಿ ಎತ್ತಿದೆ. ಮೋಟರು ಕೂರಲು ಪೆಡಲಿನ ಜಾಗದಲ್ಲೇ ಗೂಡು ಮಾಡಿದ್ದಾರೆ. ಈಗ ಅದು ನಮ್ಮ ಊಟದ ಮೇಜಿನ ಮೇಲೆ ಮಲಗಿದೆ, ನಾವು ಅಡುಗೆಮನೆಯಲ್ಲಿ ನಿಂತುಕೊಂಡು ಉಣ್ಣುತ್ತೇವೆ. ಹಿಂದಿನ ಕೋಣೆಯಲ್ಲಿದ್ದ, ಮೇಲೆ ಹತ್ತಿ ನಿಲ್ಲುವಂಥ ತಕ್ಕಡಿಯನ್ನು ನನ್ನ ಕೈಯಲ್ಲಿ ಎಳೆಸಿ ತಂದು ಮೋಟರು, ಬ್ಯಾಟರಿ, ಚಕ್ರ, ಚೈನು, ಕೊನೆಗೆ ಬೆಲ್ಲನ್ನೂ ತೂಗಿದರು. ನಾನೂ ಹತ್ತಿ ಬೈಸಿಕೊಂಡೆ. ತಾವು ಮಾತ್ರ ಹತ್ತುವುದಿಲ್ಲ. ಅದಕ್ಕೆ ಸುತ್ತು ಹಾಕಿಕೊಂಡು ಓಡಾಡುತ್ತಾರೆ.

ನೀನು ಕೇಳಿದ ಮೊದಲ ಪ್ರಶ್ನೆ, ಎಂಥ ದಾರಿಯಲ್ಲಿ ಓಡಿಸುತ್ತಾರೆ ಎಂದು. ಅದಕ್ಕೆ ಉತ್ತರ ಬರೆಯಲು ಅವರು ಹೇಳಿದ್ದು, ‘ಗುಡ್ಡದ ದಾರಿ, ಕಲ್ಲು ಹೆಚ್ಚು’ ಎಂದು. ಉತ್ತರ ಸರಿ. ಆದರೆ ಅರ್ಧ. ಯಾವ ಗುಡ್ಡ ಎಂದು ಅವರು ಬರೆಸಲಿಲ್ಲ, ನಾನು ಬರೆಯುತ್ತೇನೆ. ಹಳೆಯ ಕಲ್ಲುಗಣಿಯ ಗುಡ್ಡ. ಅದನ್ನು ಹತ್ತಿ ಆ ಕಡೆ ಇಳಿದರೆ ನಿಮ್ಮ ಊರು, ನಿನ್ನ ವರ್ಕ್‌ಶಾಪಿನ ಹಿಂದಿನ ಬಾಗಿಲು.

ಬಸ್ಸಿದೆಯಲ್ಲ, ಕೂತರೆ ಕರೆದುಕೊಂಡು ಹೋಗಿ ಬಿಡುತ್ತದೆ ಎಂದೆ ನಾನು. ಅದಕ್ಕೆ ಅವರು ಏನು ಹೇಳಿದರು ಗೊತ್ತೇ? “ಬಸ್ಸಲ್ಲಿ ಹೋದ್ರೆ ಕರೀದೇ ಹೋದ ಹಾಗೆ. ಸೈಕಲ್ ತಗೊಂಡು ಹೋದ್ರೆ ರಿಪೇರಿಗೆ ಹೋದ ಹಾಗೆ. ಅಂಗಡಿಗೆ ಬಂದ ಗಿರಾಕೀನ ಯಾರೂ ಹೊರಗೆ ನಿಲ್ಸಲ್ಲ ಕಣೇ.” ಇದಕ್ಕಾಗಿ, ಗುಂಜಿ, ಇದಿಷ್ಟಕ್ಕಾಗಿ ಮೋಟರು, ಬ್ಯಾಟರಿ, ಕಾರ್ಬನ್ನು. ಮಗಳ ಮನೆ ಬಾಗಿಲಿಗೆ ಹೋಗಿ ನಿಲ್ಲಲು ಒಂದು ನೆವ ಬೇಕಾಗಿ ಈ ಮನುಷ್ಯ ಒಂದು ವಾಹನವನ್ನೇ ಕಟ್ಟುತ್ತಿದ್ದಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕಟ್ಟಿಕೊಂಡು ಇಷ್ಟು ವರ್ಷ ಬಾಳಿದ್ದೇನೆ, ಆದರೂ ಆ ದಿನ ನನಗೆ ಅಳು ತಡೆಯಲಾಗಲಿಲ್ಲ.

ಆ ಹಳೆಯದನ್ನು ಕೆದಕಬಾರದು ಎಂದಿದ್ದೆ. ಕೆದಕುತ್ತೇನೆ. ಅಳಿಯಂದಿರ ತರಕಾರಿ ಅಂಗಡಿಯ ತಕ್ಕಡಿಯಲ್ಲಿ ದೋಷವಿತ್ತು, ಅಳಿಯಂದಿರ ಮನಸ್ಸಿನಲ್ಲಿ ಇರಲಿಲ್ಲ. ತಕ್ಕಡಿ ಸವೆದು ಗಿರಾಕಿಗೆ ಕಡಿಮೆ ತೂಗುತ್ತಿತ್ತು. ಇದು ನಿನಗೂ ಗೊತ್ತು, ನನಗೂ ಗೊತ್ತು, ಇವರಿಗೂ ಗೊತ್ತು. ಇಡೀ ಬೀದಿಯಲ್ಲಿ ತಪಾಸಣೆ ಮಾಡುವವರು ಮಗಳ ಅಂಗಡಿ ಬಿಟ್ಟು ಮುಂದೆ ಹೋಗಲಾರೆ ಎಂದು ಅದಕ್ಕೂ ಸೀಲು ಹಾಕಿ ಕೇಸು ಬರೆದರು. ನಿನಗೆ ನೋವಾದದ್ದು ಅದಕ್ಕಲ್ಲ ಎಂದೂ ನನಗೆ ಗೊತ್ತು. ಹಿಂದಿನ ರಾತ್ರಿ ನಿಮ್ಮ ಮನೆಯಲ್ಲೇ ಕೂತು ಉಂಡವರು, ನಾಳೆ ಬರುತ್ತೇನೆ, ತಕ್ಕಡಿ ಒಮ್ಮೆ ನೋಡಿಸಿಕೊಳ್ಳಿ ಎಂದು ಒಂದು ಮಾತು ಹೇಳಲಿಲ್ಲವಲ್ಲ, ಅದಕ್ಕೆ. ನೀನು ಬೀದಿಯಲ್ಲಿ ನಿಂತು ಕೂಗಾಡಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಲ್ಲಿ ಅಪ್ಪ ಮಗಳ ಜಗಳದಲ್ಲಿ ಬಡವಾದವಳು ನಾನು. ನೀನು ಹುಟ್ಟಿದಾಗ ಅಂಗೈಯಲ್ಲಿಟ್ಟುಕೊಂಡು, ಚಿನ್ನ ತೂಗುವ ಗುಲಗಂಜಿಯಷ್ಟೇ ಇದ್ದಾಳೆ ಎಂದು ಹೆಸರಿಟ್ಟವರು ಈಗ ಆ ಹೆಸರನ್ನೇ ಎತ್ತುವುದಿಲ್ಲ. ‘ಆ ವರ್ಕ್‌ಶಾಪಿನವರು’ ಎನ್ನುತ್ತಾರೆ ನಿನ್ನನ್ನು, ಬಹುವಚನದಲ್ಲಿ!

ಇನ್ನು ನಿನ್ನ ಎರಡನೆಯ ಪ್ರಶ್ನೆ. ಕುಲುಕಾಟ ತಡೆಯುವ ಮುಂದಿನ ಫೋರ್ಕಿಗೂ ಹಿಂದಿನ ಶಾಕ್ ಅಬ್ಸಾರ್ಬರಿಗೂ ಸವಾರನ ತೂಕ ಬೇಕು, ಬೂಟು, ಹೆಲ್ಮೆಟ್, ಬೆನ್ನಿನ ಚೀಲ ಎಲ್ಲ ಸೇರಿಸಿ ಬರೆಯಿರಿ ಎಂದಿದ್ದೀಯ. ಫೋರ್ಕು ಗಾಳಿ ತುಂಬುವಂಥದು, ಹಿಂದಿನದು ಸ್ಪ್ರಿಂಗಿನದು ಬೇಕೋ ಗಾಳಿಯದು ಬೇಕೋ ತಿಳಿಸಿ, ಸ್ಪ್ರಿಂಗಾದರೆ ತೂಕಕ್ಕೆ ತಕ್ಕದ್ದನ್ನೇ ಹಾಕಿ ಕಳಿಸಬೇಕು, ತೂಕ ಬದಲಾದರೆ ಸ್ಪ್ರಿಂಗೇ ಬದಲಾಗಬೇಕು, ಗಾಳಿಯದಾದರೆ ಪಂಪಿನಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು ಎಂದೂ ಬರೆದಿದ್ದೀಯ. ಸುಳ್ಳು ತೂಕ ತೋರಿಸುತ್ತದೆಂದು ಸ್ಪ್ರಿಂಗ್ ತಕ್ಕಡಿ ಕಂಡರೆ ಉರಿದು ಬೀಳುತ್ತಿದ್ದವರಲ್ಲವೇ ಇವರು, ಗಾಳಿಯದನ್ನೇ ಹೇಳುತ್ತಾರೆ ಅಂದುಕೊಂಡಿದ್ದೆ. ಇಲ್ಲ. “ಸ್ಪ್ರಿಂಗೇ ಇರಲಿ. ಒಂದು ಸಲ ಹಾಕಿದ್ರೆ ಆಯ್ತು. ನನ್ನ ತೂಕ ಏನು ದಿನಾ ಬದಲಾಗುತ್ತಾ?” ಎಂದರು. ಆ ಹೊತ್ತಿಗೆ ನನ್ನ ಮಡಿಲಲ್ಲಿ ಅವರದೇ ಪ್ಯಾಂಟಿತ್ತು, ಸೊಂಟ ಕಿರಿದು ಮಾಡಿ ಹೊಲಿಯುತ್ತಿದ್ದೆ. ಈ ವರ್ಷ ಮೂರನೆಯ ಸಲ. ಪ್ಯಾಂಟು ಸೈಕಲ್ಲಿನ ವಿಷಯವೇ ಎಂದು ನೀನು ಕೇಳಿದರೆ, ಸವಾರ ಹಾಕಿಕೊಳ್ಳುವುದರಿಂದ ಹೌದು ಎಂದು ತೀರ್ಮಾನಿಸಿ ಬರೆದಿದ್ದೇನೆ.

ತೂಕ: ಎಂಬತ್ತೆರಡು ಕಿಲೋ. ಅವರು ಹೇಳಿದರು, ನಾನು ಬರೆದೆ.

ಆದರೆ ನನ್ನ ಮಾತು ಕೇಳು, ಶಾಕ್ ಗಾಳಿಯದೇ ಇರಲಿ. ಯಾಕೆ ಎಂದು ಕೇಳಬೇಡ, ನಾನು ಮಾತು ಕೊಟ್ಟವಳು.

ಕೆಲಸ ಎಲ್ಲಿಗೆ ಬಂತು ಎಂದರೆ, ಕಾರ್ಬನ್ನಿಗೆ ಬೋಲ್ಟನ್ನು ಮನಸ್ಸಿಗೆ ಬಂದಷ್ಟು ಬಿಗಿಯುವ ಹಾಗಿಲ್ಲವಂತಲ್ಲ, ಹೆಚ್ಚಾದರೆ ಸೀಳುತ್ತದಂತೆ. ಅದಕ್ಕೆ ಬಿಗಿ ಅಳೆಯುವ ಸ್ಪ್ಯಾನರು ತಂದಿದ್ದಾರೆ. ಎಷ್ಟು ಬೇಕೋ ಅಷ್ಟಾದಾಗ ಅದು ಕಟಕ್ ಎನ್ನುತ್ತದೆ. ಅಳತೆಯ ಉಪಕರಣ ಎಂದರೆ ಕೇಳಬೇಕೇ, ಮೊದಲ ದಿನ ಮಗುವಿನ ಹಾಗೆ ಕಟಕ್ ಕಟಕ್ ಎನ್ನಿಸಿಕೊಂಡು ಕೂತಿದ್ದರು. ಈಗ ಕಟಕ್ ಎನ್ನುವುದಕ್ಕೆ ಮುಂಚೆಯೇ ಅವರ ಕೈ ಸೋಲುತ್ತದೆ. ಅವರ ಕೈ ಮೇಲೆ ನನ್ನ ಕೈಯಿಟ್ಟು ಒತ್ತುತ್ತೇನೆ, ಸದ್ದು ಬರುತ್ತದೆ, “ನೋಡ್ದಾ, ಆಯ್ತು” ಎನ್ನುತ್ತಾರೆ. ನಾನು ಒತ್ತಿದೆ ಎಂದು ಅವರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಫೋರ್ಕು, ಶಾಕ್ ಎರಡನ್ನೂ ಪಾರ್ಸೆಲ್ ಮಾಡುತ್ತೇನೆ ಎಂದು ಬರೆದಿದ್ದೀಯ. ಮಾಡಬೇಡ ತಾಯಿ. ಪೆಟ್ಟಿಗೆಯಲ್ಲಿ ಕಳಿಸುವುದನ್ನು ಕೈಯಲ್ಲಿ ತಂದರೆ ಏನಾಗುತ್ತದೆ? ಸೋತೆ ಎಂದು ಯಾರೂ ಅನ್ನುವುದಿಲ್ಲ. ಹಾಗೆ ಅಂದವರಿಗೆ ಉತ್ತರ ಕೊಡಲು ನಾನಿದ್ದೇನೆ. ಅಳಿಯಂದಿರು ಏನು ಅಂದುಕೊಳ್ಳುತ್ತಾರೋ ಎಂಬ ಭಯ ನನಗಿಲ್ಲ, ಅವರು ನಿಮ್ಮಿಬ್ಬರಿಗಿಂತ ದೊಡ್ಡ ಮನಸ್ಸಿನವರು. ಭಯ ಇರುವುದು ನಿನ್ನದೇ. ನಿನ್ನ ಹಟ ಎಲ್ಲಿಂದ ಬಂತು ಎಂದು ಇಲ್ಲಿ ದಿನವೂ ಕಣ್ಣೆದುರಿಗೆ ನೋಡುತ್ತಿದ್ದೇನಲ್ಲ. ಒಂದು ದಿನ ರಜಾ ಹಾಕಿ ಬಾ. ಎರಡನ್ನೂ ನೀನೇ ಸೈಕಲ್ಲಿಗೆ ಜೋಡಿಸಿ, ಅವರನ್ನು ಒಮ್ಮೆ ಅದರ ಮೇಲೆ ಕೂರಿಸಿ, ಹಿಡಿದುಕೊಂಡು ನಿಲ್ಲು. ಗುಡ್ಡ ಹತ್ತಬೇಕೆಂದಿಲ್ಲ. ನಮ್ಮ ಬೀದಿಯ ಕೊನೆಯವರೆಗೆ ಹೋಗಿ ಬಂದರೆ ನನಗೆ ಸಾಕು.

ಅಕ್ಷರ ಅಲ್ಲಲ್ಲಿ ಕದಡಿದ್ದರೆ ಅದು ಚೈನಿಗೆ ಹಾಕುವ ಎಣ್ಣೆ ಎಂದುಕೋ. ಸೈಕಲ್ಲಿನ ವಿಷಯ ಇಷ್ಟೇ.

ನಿನ್ನ ದಾರಿಯನ್ನೇ ನೋಡುತ್ತಿರುವ,
ಅಮ್ಮ

ತಾ.ಕ.: ಇದು ನಿನ್ನ ಅಮ್ಮನ ಅಕ್ಷರವಲ್ಲ ಎಂದು ನೋಡಿದೊಡನೆ ಗೊತ್ತಾಗುತ್ತದೆ. ಲಕೋಟೆ ಅಂಟಿಸದೆ ಫ್ರೇಮಿನ ಪಕ್ಕದಲ್ಲಿಟ್ಟು ಹಾಲು ತರಲು ಹೋಗಿದ್ದಾಳೆ. ಮರೆತಳೋ, ಬೇಕೆಂದೇ ಇಟ್ಟು ಹೋದಳೋ, ಕೇಳುವುದಿಲ್ಲ. ಓದಿದೆ. ಫ್ರೇಮಿನ ವಿಷಯ ಸರಿಯಾಗಿ ಬರೆದಿದ್ದಾಳೆ. ತೂಕ ತಪ್ಪು. ಆ ಅಂಕಿ ನಾನು ಹೇಳಿ ಬರೆಸಿದ್ದು, ಅವಳದಲ್ಲ. ಈಗ ತಕ್ಕಡಿಯನ್ನು ಪರೀಕ್ಷೆಯ ಸಣ್ಣ ತೂಕಗಳನ್ನು ಒಂದೊಂದಾಗಿ ಇಟ್ಟು ನೋಡಿ, ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು, ನಾನೇ ಹತ್ತಿ ನಿಂತೆ. ಬೂಟು, ಹೆಲ್ಮೆಟ್, ಚೀಲ ಎಲ್ಲ ಸೇರಿ ಐವತ್ತೊಂಬತ್ತು ಕಿಲೋ. ಶಾಕ್ ಗಾಳಿಯದೇ ಇರಲಿ. ಗುಡ್ಡ ಹತ್ತಿ ನಾನೇ ಬರಬೇಕೆಂದಿದ್ದೆ, ಇನ್ನು ಆಗುವುದಿಲ್ಲ. ಪಾರ್ಸೆಲ್ ಬೇಡ, ನೀನೇ ತಾ. ಅಳಿಯಂದಿರನ್ನೂ ಕರೆದುಕೊಂಡು ಬಾ, ಆ ರಾತ್ರಿ ಊಟದ ಹೊತ್ತಿಗೆ ಅವರಿಗೆ ಹೇಳಬೇಕಾಗಿದ್ದ ಮಾತು ನನ್ನಲ್ಲೇ ಉಳಿದಿದೆ. ಮೇಲೆ ಬರೆದದ್ದು ಈ ದಿನದ ತೂಕ. ನೀನು ತಡ ಮಾಡಿದರೆ ಇದೂ ಸುಳ್ಳಾಗುತ್ತದೆ.

ಅಪ್ಪ